ರೆಕ್ಕಿ ಸರ ಮತ್ತು ಗೋದಾಮಿನ ಗೋಡೆ

ಶಿಗ್ಗಾಂವ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುವವರೆಲ್ಲ ರಸ್ತೆಯ ಕಡೆ ನೋಡುತ್ತಾರೆ. ಆಕಾಶ ನೋಡುತ್ತ ನಿಲ್ಲುತ್ತಿದ್ದವರು ನಾನು ಬಲ್ಲಂತೆ ಒಬ್ಬರೇ. ಸವಣೂರಿನ ಬಸ್ಸು ಎಷ್ಟೋ ಸಲ ಅವರನ್ನು ಅಲ್ಲೇ ಬಿಟ್ಟು ಹೋಗಿದೆ. ಮೇಲೆ ಹದ್ದೊಂದು ಕಂಡರೆ ಸಾಕು, ಬಲಗೈ ತಾನಾಗಿ ಪಕ್ಕಕ್ಕೆ ಚಾಚಿಕೊಳ್ಳುತ್ತಿತ್ತು. ಮಣಿಕಟ್ಟು ತಿರುವಿಕೊಳ್ಳುತ್ತ ಮೇಲೆ ಹೋಗುವುದು, ಕೆಳಗೆ ಬರುವುದು. ಪಕ್ಕದಲ್ಲಿ ನಿಂತವರು ಹೆದರಿ ಸರಿದು ನಿಲ್ಲುತ್ತಿದ್ದರು.

"ಸರ, ಯಾರಿಗರ ಕೈ ತಾಗೀತು. ಮಾಸ್ತರ ಕುಡದಾರ ಅಂತ ಊರೆಲ್ಲ ಸುದ್ದಿ ಆಗತೈತಿ" ಎಂದು ನಾನು ಗದರಿದರೆ ಕೈ ಇಳಿಸಿ, "ಹದ್ದಿನ ಮಣಿಕಟ್ಟು ನೋಡಿದ್ರೇನ್ರಿ ಮೇಡಂ? ಮ್ಯಾಲೆ ಹೋಗುವಾಗ ಮಡಚತೈತಿ ಅದು" ಎನ್ನುತ್ತಿದ್ದರು. ಬೈದದ್ದು ಅವರಿಗೆ ಕೇಳಿಸಿರುತ್ತಿರಲಿಲ್ಲ.

ಈ ಆಷಾಢದಲ್ಲಿ ಅವರು ತೀರಿಕೊಂಡರು. ನಿವೃತ್ತಿಗೆ ಇನ್ನೂ ಒಂದು ವರ್ಷವಿತ್ತು. ಬೆಳಿಗ್ಗೆ ಎದ್ದು ಹಲ್ಲುಜ್ಜಲು ಹೋದವರು ಬಚ್ಚಲ ಬಾಗಿಲಿನಲ್ಲೇ ಕುಸಿದು ಕುಳಿತರಂತೆ, ಡಾಕ್ಟರು ಬರುವಷ್ಟರಲ್ಲಿ ಮುಗಿದಿತ್ತು. ಫೋನಿನಲ್ಲಿ ಸುದ್ದಿ ಕೇಳಿದಾಗ ನನಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. ಯಾರ ಮೇಲೆ ಎಂದರೆ ಒಬ್ಬರ ಹೆಸರು ಹೇಳಿ ಮುಗಿಸುವಂತಿಲ್ಲ. ಅವರ ಮೇಲೂ ಬಂದಿತ್ತು.

ಶಿಗ್ಗಾಂವದ ಕಾಲೇಜಿನಲ್ಲಿ ನಾನು ಕನ್ನಡ ಕಲಿಸಿದವಳು, ಅವರು ಭೌತಶಾಸ್ತ್ರ. ಸ್ಟಾಫ್ ರೂಮಿನಲ್ಲಿ ನಮ್ಮ ಕುರ್ಚಿಗಳು ಅಕ್ಕಪಕ್ಕ. ಹುಡುಗರು ಅವರನ್ನು ರೆಕ್ಕಿ ಸರ ಎಂದು ಕರೆಯುತ್ತಿದ್ದರು. ಮೊದಮೊದಲು ಹಿಂದಿನಿಂದ, ಆಮೇಲೆ ಎದುರಿಗೇ. ಅವರಿಗೇನೂ ಬೇಜಾರಿರಲಿಲ್ಲ. ಬಡಿಯುವ ರೆಕ್ಕೆ ಗಾಳಿಯನ್ನು ಹೇಗೆ ಹಿಡಿಯುತ್ತದೆ, ಹಾಕಿದ ಶಕ್ತಿಯಲ್ಲಿ ಎಷ್ಟು ಪಾಲು ನಿಜವಾಗಿ ಮುಂದೆ ಹೋಗಲು ಬರುತ್ತದೆ, ಎಷ್ಟು ಸೋರಿ ಹೋಗುತ್ತದೆ, ಇದೊಂದೇ ಅವರ ವಿಷಯ. ಅದರ ಮೇಲೆ ಪಿಎಚ್‌ಡಿ ಮಾಡುತ್ತಿದ್ದರು. ನಾನು ಆ ಕಾಲೇಜಿಗೆ ಬಂದಾಗಲೂ ಮಾಡುತ್ತಿದ್ದರು, ನನ್ನ ಮಗಳ ಮದುವೆಯಾದಾಗಲೂ ಮಾಡುತ್ತಿದ್ದರು.

ಒಂದು ದಿನ ಪಾಠ ಮಾಡಲು ಆಫೀಸಿನಿಂದ ಗಾಲಿಯ ಕುರ್ಚಿಯೊಂದನ್ನು ತಳ್ಳಿಕೊಂಡು ಕ್ಲಾಸಿಗೆ ಹೋದರು. ಎರಡೂ ಕೈಯಲ್ಲಿ ಹುಡುಗರು ಪರೀಕ್ಷೆಗೆ ಒಯ್ಯುವ ರಟ್ಟುಗಳನ್ನು ಹಿಡಿದು, ಕುರ್ಚಿಯಲ್ಲಿ ಕಾಲೆತ್ತಿ ಕುಳಿತು ಬಡಿಯತೊಡಗಿದರು. ಮೊದಲು ಜೋರಾಗಿ ಬಡಿದರು. ಕುರ್ಚಿ ಗಡಗಡ ಅಂದಿತೇ ಹೊರತು ಜರುಗಲಿಲ್ಲ. ಆಮೇಲೆ ನಿಧಾನ, ಅಗಲವಾಗಿ, ರಟ್ಟನ್ನು ಓರೆ ಮಾಡುತ್ತ ಬೀಸಿದರು. ಕುರ್ಚಿ ಮೆಲ್ಲಗೆ ಮುಂದಕ್ಕೆ ಹೊರಟಿತು. ಹುಡುಗರು ಸಿಳ್ಳೆ ಹೊಡೆದರು. ಬಾಗಿಲಲ್ಲಿ ಪ್ರಿನ್ಸಿಪಾಲರು ಬಂದು ನಿಂತಿದ್ದು ಅವರೊಬ್ಬರಿಗೆ ಕಾಣಲಿಲ್ಲ, ಕುರ್ಚಿ ಹೋಗಿ ಪ್ರಿನ್ಸಿಪಾಲರ ಮೊಣಕಾಲಿಗೇ ಬಡಿಯಿತು.

"ಏನ್ರಿ ಇದು, ಸರ್ಕಸ್ಸೋ ಕಾಲೇಜೋ?"

"ಸರ, ಜೋರು ಮಾಡಿದ್ರ ಮುಂದ ಹೋಗೂದಿಲ್ಲ. ತಾಳ ಬೇಕ್ರಿ" ಎಂದರಂತೆ ಇವರು. ಪ್ರಿನ್ಸಿಪಾಲರಿಗೆ ಅದು ತಮಗೇ ಹೇಳಿದಂತೆ ಕೇಳಿಸಿತು. ಅಂದಿನಿಂದ ಇಬ್ಬರಿಗೂ ಸರಿಬರಲಿಲ್ಲ.

ನನಗೂ ಬಿಡದೆ ಪಾಠ ಹೇಳುತ್ತಿದ್ದರು. ಸೆಕೆಂಡಿಗೆ ಎಷ್ಟು ಬಡಿತ, ಬಡಿತದ ಅಗಲ ಎಷ್ಟು, ಎರಡನ್ನೂ ಗುಣಿಸಿ ಮುಂದೆ ಹೋಗುವ ವೇಗದಿಂದ ಭಾಗಿಸಬೇಕಂತೆ. ಬರುವ ಉತ್ತರ ಕಾಗೆಗೂ ಬಾವಲಿಗೂ ಕೆರೆಯ ಮೀನಿನ ಬಾಲಕ್ಕೂ ಹೆಚ್ಚುಕಡಿಮೆ ಒಂದೇ ಆಸುಪಾಸಿನಲ್ಲಿ ಬೀಳುತ್ತದಂತೆ. "ಯಾರ ಕಲಿಸ್ಯಾರ್ರಿ ಇವಕ್ಕ? ಆ ತಾಳದಾಗ ಬಡದ್ರ ಸೋರಿಕಿ ಕಡಿಮಿ. ತಾಳ ತಪ್ಪಿದ್ರ ಹಿಂದಿನ ಗಾಳಿ ಎಲ್ಲಾ ಕದಡಿ ಹೋಗತೈತಿ, ನಮ್ಮ ಶಕ್ತಿ ಆ ಕದಡಾಟದಾಗ ಹೋತು." ನಾನು ಉತ್ತರಪತ್ರಿಕೆ ತಿದ್ದುತ್ತ ಹೂಂ ಎನ್ನುತ್ತಿದ್ದೆ. ಆದರೂ ಕೇಳಿ ಕೇಳಿ ಅಷ್ಟಿಷ್ಟು ತಲೆಗೆ ಹತ್ತಿತು. ಅವರ ಮಾತಿನಲ್ಲಿ ಅಷ್ಟು ಬಿಸಿ ಇರುತ್ತಿತ್ತು.

ಅವರು ಹಿರೇಕೆರೂರು ತಾಲೂಕಿನ ಚಿಕ್ಕೇರೂರಿನವರು. ಊರಾಚೆಯ ಓಣಿಯ ಕೂಲಿ ಮನೆತನ. ಆ ಓಣಿಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಇವರೇ ಮೊದಲಿಗರು. ಹೆಂಡತಿ ಸವಣೂರಿನ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಶಿಕ್ಷಕಿಯರನ್ನು ಕರೆಯುವ ನಮ್ಮ ಕಡೆಯ ರೂಢಿಯಂತೆ ಎಲ್ಲರೂ ಆಕೆಯನ್ನು ಅಕ್ಕಾರ ಎನ್ನುತ್ತಿದ್ದರು. ಅವರಿಗೆ ಮಕ್ಕಳಿಲ್ಲ. ಸವಣೂರಿನಲ್ಲೇ ಬಾಡಿಗೆ ಮನೆ, ಗೋಡೆಯ ಮೇಲೆ ಬುದ್ಧನ ಪಟ, ಅಟ್ಟದ ತುಂಬ ಬಿದಿರ ಸೀಳು, ಹರಿದ ಕೊಡೆಗಳು. ಆ ಮನೆಯಲ್ಲಿ ರೆಕ್ಕೆಯ ಬಗ್ಗೆ ಮಾತಾಡುವವರು ಒಬ್ಬರು, ಪದವಿಯ ಬಗ್ಗೆ ಮಾತಾಡುವವರು ಇನ್ನೊಬ್ಬರು.

"ಮೇಡಂ, ಊರಿಗೆ ಹೋದ್ರ ಇವತ್ತಿಗೂ ನಮ್ಮನ್ನ ಓಣಿ ಹೆಸರು ಹಿಡದ ಕರೀತಾರ" ಎಂದು ಅಕ್ಕಾರು ಒಮ್ಮೆ ಹೇಳಿದ್ದರು. "ಇವರು ಕಾಲೇಜ್ ಮಾಸ್ತರ ಆದ್ರೂ ಅಷ್ಟ, ನಾ ಸಾಲಿ ಕಲಿಸಿದ್ರೂ ಅಷ್ಟ. ಒಮ್ಮೆ ಡಾಕ್ಟರ್ ಅಂತ ಬರಲಿ. ಹೆಸರಿಗಿಂತ ಮೊದಲ ಅದನ್ನ ಅನ್ನಬೇಕಾಕ್ಕೈತಿ ಅವರು. ಬ್ಯಾಡಂದ್ರೂ ಅನ್ನಬೇಕಾಕ್ಕೈತಿ." ಹೇಳುವಾಗ ಆಕೆಯ ಮುಖ ಕೆಂಪಾಗಿತ್ತು. ಪದವಿ ಎಂದರೆ ಒಂದು ಕಾಗದ ಎಂದು ತಿಳಿದವಳು ನಾನು. ನನ್ನದೂ ಒಂದಿದೆ, ಅದನ್ನು ಬರೆದ ಮೇಲೆ ನಾನೇ ಮತ್ತೊಮ್ಮೆ ಓದಿಲ್ಲ. ಆಕೆಗೆ ಅದು ಎಷ್ಟು ದೊಡ್ಡದು ಎಂದು ಅವತ್ತು ತಿಳಿಯಿತು.

ಪ್ರಯೋಗಕ್ಕೆ ಶಿಗ್ಗಾಂವದ ಕಾಳಿನ ವ್ಯಾಪಾರಿಯೊಬ್ಬರು ತಮ್ಮ ಹಳೆಯ ಗೋದಾಮು ಬಿಟ್ಟುಕೊಟ್ಟಿದ್ದರು. ಗಾಳಿಯ ಸುರಂಗವನ್ನು ಅಲ್ಲೇ ಕಟ್ಟಿದರು. ಒಂದು ತುದಿಗೆ ರಾಶಿ ತೂರುವ ದೊಡ್ಡ ಫ್ಯಾನು, ಅದರ ಮುಂದೆ ಪ್ಲೈವುಡ್ಡಿನ ಉದ್ದನೆಯ ಡಬ್ಬಿ, ಪಕ್ಕದಲ್ಲಿ ಗಾಜಿನ ಕಿಂಡಿ. ಡಬ್ಬಿಯ ನಡುವೆ ರೆಕ್ಕೆ. ಬಿದಿರ ಕಡ್ಡಿಗೆ ಕೊಡೆಯ ಬಟ್ಟೆ ಬಿಗಿದದ್ದು, ಬಡಿಸಲು ಕಾರಿನ ವೈಪರ್ ಮೋಟರು. ನಾನೊಮ್ಮೆ ನೋಡಲು ಹೋಗಿದ್ದೆ. ಗೋದಾಮಿನ ನೆಲದಲ್ಲಿ ಉಳಿದ ಮೆಕ್ಕೆಜೋಳದ ಹೊಟ್ಟನ್ನು ಮುಷ್ಟಿಯಲ್ಲಿ ತೆಗೆದು ಫ್ಯಾನಿನ ಬಾಯಿಗೆ ತೂರಿದರು. ತಗಡಿನ ತೂತಿನಿಂದ ಬಿದ್ದ ಬಿಸಿಲಿನಲ್ಲಿ ಧೂಳು ಹೊಳೆಯಿತು. ರೆಕ್ಕೆಯ ಹಿಂದೆ ಒಂದು ಸುಳಿ ಮೇಲೆ, ಒಂದು ಸುಳಿ ಕೆಳಗೆ, ಮತ್ತೆ ಮೇಲೆ, ಮತ್ತೆ ಕೆಳಗೆ, ಸಾಲಾಗಿ ಹೊರಟವು. ಎಷ್ಟು ಚೆಂದವಿತ್ತು ಅದು! ಗಾಳಿಗೂ ಒಂದು ಮೈ ಇದೆ ಎಂದು ನಾನು ನೋಡಿದ್ದು ಅವತ್ತೇ.

"ರೆಕ್ಕಿ ಭಾರಿ ದೊಡ್ಡದಾತಲ್ರಿ, ಡಬ್ಬಿ ತುಂಬಾ ಅದ ಐತಿ" ಎಂದೆ, ಏನೂ ತಿಳಿಯದ ನಾನು, ಸುಮ್ಮನೆ. ರೆಕ್ಕೆ ಕೆಳಗಿಳಿದಾಗ ಹಲಗೆಗೂ ಅದಕ್ಕೂ ನಡುವೆ ಒಂದು ಗೇಣಿನಷ್ಟು ಮಾತ್ರ ಜಾಗವಿತ್ತು.

"ಸಣ್ಣದ ಮಾಡಿದ್ರ ಗುಬ್ಬಿ ಲೆಕ್ಕ ಆಕ್ಕೈತ್ರಿ ಮೇಡಂ. ನಮಗ ಹದ್ದಿನ ಲೆಕ್ಕ ಬೇಕು. ಡಬ್ಬಿ ದೊಡ್ಡದ ಮಾಡೋಣಂದ್ರ ಈ ಫ್ಯಾನಿನ ಗಾಳಿ ಸಾಲೂದಿಲ್ಲ."

ಆ ಸುರಂಗದಲ್ಲಿ ಬಂದ ಫಲಿತಾಂಶ ಅವರ ಮಾರ್ಗದರ್ಶಕರನ್ನೇ ಬೆರಗುಗೊಳಿಸಿತು. ಹಾಕಿದ ಶಕ್ತಿಯಲ್ಲಿ ಇಷ್ಟು ದೊಡ್ಡ ಪಾಲು ಮುಂದೆ ತಳ್ಳಲು ಬರುವ ರೆಕ್ಕೆಯನ್ನು ಈ ಅಳತೆಯಲ್ಲಿ ಯಾರೂ ಮಾಡಿಲ್ಲ ಎಂದರಂತೆ. ಪ್ರಬಂಧ ಸಲ್ಲಿಕೆಯಾಯಿತು. ಪರೀಕ್ಷಕರ ವರದಿಗಳೂ ಒಳ್ಳೆಯದಾಗಿ ಬಂದವು. ಮೌಖಿಕ ಪರೀಕ್ಷೆಯೊಂದು ಬಾಕಿ. ಅಕ್ಕಾರು ಚಿಕ್ಕೇರೂರಿಗೆ ಹೋಗಿ ಓಣಿಯ ತುಂಬ ಹೇಳಿ ಬಂದರು.

ಆ ನಡುವೆ ನಮ್ಮಿಬ್ಬರಿಗೂ ಹಾನಗಲ್ಲಿನಲ್ಲಿ ಪರೀಕ್ಷೆಯ ಕೆಲಸ ಬಿತ್ತು. ಮಧ್ಯಾಹ್ನ ಬಿಡುವಿನಲ್ಲಿ ಕೆರೆಯ ಏರಿಯ ಮೇಲೆ ಕುಳಿತು ಚುರುಮರಿ ತಿನ್ನುತ್ತಿದ್ದೆವು. ನೀರುಕಾಗೆಯೊಂದು ದಡದಿಂದ ಎದ್ದು ನೀರಿನ ಮೇಲ್ಮೈಗೆ ಅಂಟಿಕೊಂಡಂತೆ, ಆಚೆ ದಡದವರೆಗೂ ಅಷ್ಟೇ ಕೆಳಗೆ ಹಾರಿ ಹೋಯಿತು. ಮೀನು ಹಿಡಿಯಲಿಲ್ಲ, ಇಳಿಯಲೂ ಇಲ್ಲ.

"ಇದಕ ಏನ ಆಗೇತ್ರಿ? ಇಷ್ಟ ದೊಡ್ಡ ಆಕಾಶ ಬಿಟ್ಟು ನೀರಿಗಿ ಹೊಟ್ಟಿ ಹಚ್ಚಿ ಹೊಂಟೇತಲ್ಲ" ಎಂದೆ.

"ಕೆಳಗ ನೀರು ಐತಲ್ರಿ, ರೆಕ್ಕಿ ತಳ್ಳಿದ ಗಾಳಿ ಇಳದ ಹೋಗಾಕ ಜಾಗ ಇಲ್ಲ. ಅಲ್ಲೆ ಆಸರ ಸಿಗತೈತಿ. ಕಡಿಮಿ ದಣಿವಿನಾಗ..." ಎಂದವರು ಮಾತು ನಿಲ್ಲಿಸಿಬಿಟ್ಟರು. ಬಾಯಿಗೆ ಹೋಗಬೇಕಿದ್ದ ಚುರುಮರಿ ಕೈಯಲ್ಲೇ ಉಳಿಯಿತು. ಮುಖದ ಬಣ್ಣ ಇಳಿಯುವುದನ್ನು ನಾನು ಕಣ್ಣಾರೆ ಕಂಡೆ. ಎದೆನೋವೇನೋ ಎಂದು ಗಾಬರಿಯಾಗಿ ನೀರು ಕೊಟ್ಟೆ. ಕುಡಿಯಲಿಲ್ಲ.

"ನನ್ನ ರೆಕ್ಕಿಗೆ ಕೆಳಗೂ ಹಲಗಿ ಐತಿ, ಮ್ಯಾಲೂ ಹಲಗಿ ಐತಿ ಮೇಡಂ" ಎಂದರು.

ಸುರಂಗದ ಗೋಡೆಗೆಂದು, ಎಂದರೆ ಆ ಹಲಗೆಗಳಿಗೆಂದು, ಲೆಕ್ಕದಲ್ಲಿ ಇಷ್ಟು ಕಳೆಯಬೇಕು ಎಂಬ ಪದ್ಧತಿ ಇದೆಯಂತೆ, ಅದನ್ನು ಅವರು ಕಳೆದಿದ್ದರು. ಆದರೆ ಅದು ಅಲುಗಾಡದೆ ನಿಂತ ವಸ್ತುವಿನ ಲೆಕ್ಕ. ಬಡಿಯುವ ರೆಕ್ಕೆಗೆ ಗೋಡೆ ಎಷ್ಟು ಆಸರೆ ಕೊಡುತ್ತದೆ ಎನ್ನುವುದು ಬೇರೆಯೇ ಮಾತು. ಅದನ್ನು ಅವರು ನೋಡಿರಲಿಲ್ಲ, ಮಾರ್ಗದರ್ಶಕರೂ ನೋಡಿರಲಿಲ್ಲ, ಪರೀಕ್ಷಕರೂ ಕೇಳಿರಲಿಲ್ಲ.

ಮುಂದಿನ ಭಾನುವಾರ ನಸುಕಿನಲ್ಲಿ ವ್ಯಾಪಾರಿಯ ಸಣ್ಣ ಗೂಡ್ಸ್ ಗಾಡಿಯ ನೆತ್ತಿಯ ಮೇಲೆ ಕಂಬ ನಿಲ್ಲಿಸಿ, ಅದರ ತುದಿಗೆ ರೆಕ್ಕೆಯನ್ನು ಕಟ್ಟಿದರು. ಎಲೆ ಅಲುಗಾಡದ ಹೊತ್ತು. ಹೈವೇ ಪಕ್ಕದ ಸರ್ವಿಸ್ ರಸ್ತೆಯಲ್ಲಿ ಗಾಡಿಯನ್ನು ಒಂದೇ ವೇಗದಲ್ಲಿ ಓಡಿಸಬೇಕು. ಸುರಂಗದಲ್ಲಿ ಗಾಳಿ ರೆಕ್ಕೆಯ ಕಡೆ ಬರುತ್ತಿತ್ತು, ಇಲ್ಲಿ ರೆಕ್ಕೆಯೇ ಗಾಳಿಯೊಳಗೆ ಹೋಗುತ್ತದೆ. ಲೆಕ್ಕ ಒಂದೇ, ಆದರೆ ಗೋಡೆಯಿಲ್ಲ. ಮೀಟರು ಓದಲು ಇನ್ನೊಂದು ಜೊತೆ ಕಣ್ಣು ಬೇಕೆಂದು ನನ್ನನ್ನು ಡ್ರೈವರಿನ ಪಕ್ಕ ಕೂರಿಸಿದ್ದರು. ಹೋಗಿ ಬಂದೆವು. ಮತ್ತೆ ಹೋಗಿ ಬಂದೆವು. ಬಿಸಿಲೇರಿ ಗಾಳಿ ಶುರುವಾಗುವವರೆಗೂ ಇದೇ ಆಯಿತು. ಅವರು ಒಂದೊಂದು ಸಲವೂ ತಂತಿ ಬಿಗಿದು, ಮೋಟರು ಒರೆಸಿ, "ಇನ್ನೊಮ್ಮೆ" ಎನ್ನುತ್ತಿದ್ದರು. ಸುರಂಗದಲ್ಲಿ ಬಂದ ಅಂಕಿ ಇಲ್ಲಿ ಒಮ್ಮೆಯೂ ಬರಲಿಲ್ಲ. ಕೊನೆಗೆ ಮೈಲುಗಲ್ಲಿನ ಮೇಲೆ ಕುಳಿತುಬಿಟ್ಟರು.

"ಗೋಡಿ ದುಡದಿತ್ತು ಮೇಡಂ. ನನ್ನ ರೆಕ್ಕಿ ಅಲ್ಲ."

ಡ್ರೈವರಿಗೆ ಅರ್ಥವಾಗಲಿಲ್ಲ. "ರಿಪೇರಿ ಆಗೂದಿಲ್ಲೇನ್ರಿ ಸರ?" ಎಂದು ಕೇಳಿದ, ಪಾಪ.

ಮಾರ್ಗದರ್ಶಕರು ಒಳ್ಳೆಯವರೇ. "ಗೋಡಿ ಇಲ್ಲದ ಸುರಂಗ ಯಾವ ದೇಶದಾಗ ಐತೋ ಮಾರಾಯ? ಮೊದಲ ಪದವಿ ತಗೋ. ಆಮ್ಯಾಲೆ ಒಂದು ಲೇಖನದಾಗ ತಿದ್ದಿದ್ರಾತು" ಎಂದು ಬುದ್ಧಿ ಹೇಳಿದರು. ಅದು ತಪ್ಪು ಸಲಹೆ ಎಂದು ನನಗೆ ಅನ್ನಿಸಲಿಲ್ಲ, ಇವತ್ತಿಗೂ ಪೂರ್ತಿ ಅನ್ನಿಸುವುದಿಲ್ಲ. ನಾನೂ ಅದನ್ನೇ ಹೇಳಿದೆ. ಅವರು ನಮ್ಮಿಬ್ಬರಿಗೂ ಹೂಂ ಅಂದರು. ಮನೆಯಲ್ಲಿ ಏನೂ ಹೇಳಲಿಲ್ಲ.

ಮೌಖಿಕ ಪರೀಕ್ಷೆಯ ದಿನ ವಿಶ್ವವಿದ್ಯಾಲಯಕ್ಕೆ ಅಕ್ಕಾರ ಜೊತೆ ನಾನೂ ಹೋಗಿದ್ದೆ. ಆಕೆ ಇಳಕಲ್ ಸೀರೆ ಉಟ್ಟು, ಮಡಿಲಲ್ಲಿ ಪೇಢೆಯ ಡಬ್ಬಿ ಇಟ್ಟುಕೊಂಡು ಮುಂದಿನ ಸಾಲಿನಲ್ಲೇ ಕುಳಿತಿದ್ದರು. ಇವರು ಚೆನ್ನಾಗಿ ಮಾತಾಡಿದರು. ಸುಳಿಗಳ ಚಿತ್ರ ತೋರಿಸಿದಾಗ ಹೊರಗಿನಿಂದ ಬಂದ ಪರೀಕ್ಷಕರು ಭೇಷ್ ಎಂದರು. ಎಲ್ಲ ಮುಗಿದು, ಇನ್ನೇನಾದರೂ ಹೇಳುವುದಿದೆಯೇ ಎಂದು ವಾಡಿಕೆಗೆ ಕೇಳಿದರು. ಯಾರೂ ಏನೂ ಹೇಳದ ಜಾಗ ಅದು. ಇವರು ಹೇಳಿದರು. ಗೋಡೆಯ ವಿಷಯ, ಗಾಡಿಯ ವಿಷಯ, ಪ್ರಬಂಧದ ಮುಖ್ಯ ಫಲಿತಾಂಶ ನಿಲ್ಲುವುದಿಲ್ಲ ಎನ್ನುವ ವಿಷಯ, ಎಲ್ಲವನ್ನೂ ಬೋರ್ಡಿನ ಮೇಲೆ ಬರೆದು ವಿವರಿಸಿದರು. ತಮ್ಮ ತಪ್ಪನ್ನೂ ಕ್ಲಾಸಿನಲ್ಲಿ ಪಾಠ ಮಾಡುವಷ್ಟೇ ಅಚ್ಚುಕಟ್ಟಾಗಿ ಹೇಳಿದರು. ಮಾರ್ಗದರ್ಶಕರು ತಲೆಯ ಮೇಲೆ ಕೈಹೊತ್ತು ಕುಳಿತರು.

ಪೇಢೆಯ ಡಬ್ಬಿ ಬಿಚ್ಚದೇ ವಾಪಸು ಬಂತು. ಬಸ್ಸಿನಲ್ಲಿ ಅವರು ಹಿಂದಿನ ಸೀಟಿನಲ್ಲಿ, ಅಕ್ಕಾರೂ ನಾನೂ ಮುಂದೆ. ಬಹಳ ದೂರ ಬಂದ ಮೇಲೆ ಅಕ್ಕಾರು ಕಿಟಕಿಯ ಕಡೆ ಮುಖ ಮಾಡಿಯೇ ಹೇಳಿದರು: "ಖರೆ ಹೇಳಿದ್ದು ತಪ್ಪು ಅನ್ನಂಗಿಲ್ರಿ ನಾನು. ನನಗ ಒಂದು ಮಾತು ಹೇಳಬೇಕಿಲ್ರಿ? ನಾ ಸೀರಿ ಉಟ್ಟು, ಪೇಢೆ ಕಟ್ಟಿಸಿಕೊಂಡು, ಮಂದಿ ಮುಂದ ಕುಂತೇನಿ. ಅವರು ಅಲ್ಲಿ ಬೋರ್ಡ್ ಮ್ಯಾಲೆ ನನ್ನ ಮುಖ ಒರಸಾಕತ್ತಾರ."

ನನಗೆ ಸಿಟ್ಟು ಬಂದದ್ದು ಇಲ್ಲಿಗೆ. ಜಗತ್ತಿಗೆ ನಿಜ ಹೇಳುವ ಧೈರ್ಯವಿದ್ದ ಮನುಷ್ಯನಿಗೆ ಹೆಂಡತಿಯ ಮುಂದೆ ಬಾಯಿ ಬಿಡುವ ಧೈರ್ಯ ಇರಲಿಲ್ಲ. ಇದನ್ನು ಮಾರನೆಯ ದಿನ ಅವರ ಮುಖಕ್ಕೇ ಹೇಳಿದೆ. "ಹೇಳಿದ್ರ ಅಕಿ ಅಳತಿದ್ಲು. ಅತ್ರ ನನಗ ಅಲ್ಲಿ ಹೇಳಾಕ ಆಗತಿದ್ದಿಲ್ರಿ" ಎಂದರು. ಅದೂ ನಿಜವೇ ಇರಬೇಕು.

ಮತ್ತೆ ಪ್ರಯೋಗ ಮಾಡಿ ಹೊಸದಾಗಿ ಬರೆಯಿರಿ ಎಂದು ವಿಶ್ವವಿದ್ಯಾಲಯ ಹೇಳಿತು. ಅಷ್ಟರಲ್ಲಿ ನೋಂದಣಿಯ ಅವಧಿ ಮುಗಿಯಿತು. ವ್ಯಾಪಾರಿ ತೀರಿಕೊಂಡ ಮೇಲೆ ಮಕ್ಕಳು ಗೋದಾಮು ಕೆಡವಿ ಕಲ್ಯಾಣಮಂಟಪ ಕಟ್ಟಿದರು. ಪ್ಲೈವುಡ್ಡಿನ ಡಬ್ಬಿ ಅಡಿಗೆಯವರ ಒಲೆಗೆ ಹೋಯಿತು. ಬಡ್ತಿಯ ಸರದಿ ಬಂದಾಗಲೆಲ್ಲ ಡಾಕ್ಟರೇಟ್ ಇದ್ದವರು ಮುಂದೆ ಹೋದರು. ಅವರ ಕೈಕೆಳಗೆ ಪಾಠ ಮಾಡಲು ಕಲಿತವನೇ ವಿಭಾಗದ ಮುಖ್ಯಸ್ಥನಾಗಿ, "ಏನ್ ಸರ, ಇನ್ನೂ ಹಾರಿಲ್ಲೇನು?" ಎಂದು ಸ್ಟಾಫ್ ರೂಮಿನಲ್ಲಿ ನಗೆಯಾಡುತ್ತಿದ್ದ. ಅವನ ಪ್ರಬಂಧ ಯಾರು ಬರೆದುಕೊಟ್ಟರೆಂದು ನಮಗೆಲ್ಲ ಗೊತ್ತಿತ್ತು. ನಾನು ಒಂದೆರಡು ಸಲ ಬಾಯಿ ಮಾಡಿದೆ. ಇವರೇ ನನ್ನನ್ನು ತಡೆದರು. ಅವನ ಮಾತು ಅವರಿಗೆ ನಾಟುತ್ತಿರಲಿಲ್ಲ ಎಂದು ನಾನು ಹೇಳಲಾರೆ. ಆಮೇಲೆ ಆಮೇಲೆ ಅವರು ಊಟದ ಡಬ್ಬಿಯನ್ನು ಲ್ಯಾಬಿನಲ್ಲೇ ಬಿಚ್ಚತೊಡಗಿದ್ದರು.

ಅಕ್ಕಾರು ಚಿಕ್ಕೇರೂರಿಗೆ ಹೋಗುವುದನ್ನೇ ಬಿಟ್ಟರು. ಹಬ್ಬಕ್ಕೂ ಇಲ್ಲ, ಮದುವೆಗೂ ಇಲ್ಲ. ಒಂದೇ ಮನೆಯಲ್ಲಿ ಇಬ್ಬರೂ ಊಟ, ಕೆಲಸದ ಮಾತಷ್ಟೇ ಆಡಿಕೊಂಡು ದಿನ ನೂಕಿದರು. ಮಾತಿಗೆ ಮಾತು ಬೆಳೆದರೆ, "ನಾಲಿಗಿ ಒಂದ್ ತಾಸು ಸುಮ್ಮನಿದ್ದಿದ್ರ..." ಎಂದು ಆಕೆ ಶುರು ಮಾಡುವುದು, ಅವರು ಚಪ್ಪಲಿ ಮೆಟ್ಟಿ ಹೊರಗೆ ಹೋಗುವುದು.

ಆದರೂ ಅವರು ಬಿಡಲಿಲ್ಲ. ಗಾಡಿ ಸಿಕ್ಕಾಗ, ಗಾಳಿ ನಿಂತಾಗ, ಬಯಲಿನಲ್ಲಿ ಒಂದೊಂದೇ ಅಳತೆ ತೆಗೆಯುತ್ತ ವರ್ಷಗಳನ್ನು ಕಳೆದರು. ಹೋದ ಬೇಸಿಗೆಯಲ್ಲಿ ನನ್ನ ಮನೆಗೆ ಬಂದು ಕಟ್ಟೆಯ ಮೇಲೆ ಕುಳಿತು, ಲೆಕ್ಕ ಮುಗಿಯಿತು ಎಂದರು. ತೆಳ್ಳಗಾಗಿದ್ದರು, ಅಂಗಿಯ ಕಾಲರು ಕುತ್ತಿಗೆಗೆ ಸಡಿಲಾಗಿತ್ತು.

"ಏನ್ ಬಂತ್ರಿ ಉತ್ತರ?"

"ಸಾಧಾರಣ ಐತ್ರಿ. ಮಂದಿ ಮೊದಲ ಮಾಡಿದ್ದಕ್ಕಿಂತ ಏನೂ ಹೆಚ್ಚಿಲ್ಲ." ಚಹಾದ ಕಪ್ ಕೆಳಗಿಟ್ಟು, "ಆದ್ರ ಈಗ ಖರೆ ಐತಿ ಮೇಡಂ" ಎಂದರು. ಇಡೀ ಆಯುಷ್ಯ ಕೊಟ್ಟು ಕೊಂಡದ್ದು ಇಷ್ಟೇನಾ ಎಂದು ಚೀರಬೇಕೆನ್ನಿಸಿತು. ಇನ್ನೊಂದು ಕಪ್ ಚಹಾ ಮಾಡಲು ಒಳಗೆ ಹೋದೆ.

ಅವರು ಹೋದ ದಿನ ನಾನು ಸವಣೂರು ಮುಟ್ಟುವಷ್ಟರಲ್ಲಿ ಮನೆಯ ಮುಂದೆ ಜನ ತುಂಬಿದ್ದರು. ಹಳೆಯ ವಿದ್ಯಾರ್ಥಿಗಳು ಎಲ್ಲೆಲ್ಲಿಂದಲೋ ಬಂದಿದ್ದರು. ಮಣ್ಣು ಚಿಕ್ಕೇರೂರಿನಲ್ಲೇ ಆಗಬೇಕೆಂದು ಅಣ್ಣತಮ್ಮಂದಿರು ಹೇಳಿದ್ದರಿಂದ ಹೆಣ ಸಾಗಿಸಲು ವ್ಯಾನು ಬಂದಿತ್ತು. ಹುಡುಗರು ಅದರ ಮುಂಭಾಗಕ್ಕೆ ದೊಡ್ಡ ಫ್ಲೆಕ್ಸ್ ಕಟ್ಟಿದ್ದರು, ಈಗ ಎಲ್ಲ ಸಾವಿಗೂ ಕಟ್ಟುತ್ತಾರಲ್ಲ, ಹಾಗೆ. ಭಾವಪೂರ್ಣ ಶ್ರದ್ಧಾಂಜಲಿ ಎಂಬ ಸಾಲು, ಕೆಳಗೆ ಅವರ ನಗುವ ಫೋಟೋ, ಅದರ ಕೆಳಗೆ ಹೆಸರು. ಹೆಸರಿಗಿಂತ ಮೊದಲು ಕೆಂಪು ಬಣ್ಣದಲ್ಲಿ ಡಾ. ಎಂದು ಅಚ್ಚಾಗಿತ್ತು. ಅದು ತಿಳಿಯದೆ ಆದ ತಪ್ಪಲ್ಲ. ಹುಡುಗರು ಬೇಕೆಂದೇ, ಪ್ರೀತಿಯಿಂದ ಹಾಕಿಸಿದ್ದರು. ನೋಡಿ ನನಗೂ ಸಮಾಧಾನವೆನಿಸಿತು, ಸುಳ್ಳೇಕೆ ಹೇಳಲಿ. ಸತ್ತ ಮೇಲಾದರೂ ಸಿಕ್ಕಿತಲ್ಲ, ಆ ಊರಿಗೆ ಹಾಗೆಯೇ ಹೋಗಲಿ ಎಂದುಕೊಂಡೆ.

ಅಕ್ಕಾರನ್ನು ಇಬ್ಬರು ಹಿಡಿದು ವ್ಯಾನಿನ ಬಳಿ ಕರೆತಂದರು. ಹತ್ತಲು ಕಾಲೆತ್ತಿದವರು ಫ್ಲೆಕ್ಸ್ ನೋಡಿ ನಿಂತರು. ಬಹಳ ಹೊತ್ತು ಓದಿದರು. ಅಷ್ಟು ವರ್ಷ ಬಯಸಿದ ಅಕ್ಷರ, ಅಂಗೈಯಷ್ಟು ದೊಡ್ಡದಾಗಿ ಕಣ್ಣ ಮುಂದಿತ್ತು.

"ಇದನ್ನ ಯಾರ ಬರಸ್ಯಾರ?"

"ನಾವ್ರಿ ಅಕ್ಕಾರ" ಎಂದ ಒಬ್ಬ, ಅಳುತ್ತಲೇ. "ನಮಗ ಸರ ಡಾಕ್ಟರ್ರ ರೀ. ಕಾಗದ ಇರಲಿ, ಬಿಡಲಿ."

"ನಿಮಗ ಇರಬಹುದಪಾ. ಅವರು ಬ್ಯಾಡ ಅಂತ ಬಾಯಾರೆ ಹೇಳಿ ಬಂದಾರ. ನಾ ಎದುರಿಗೆ ಕುಂತು ಕೇಳೇನಿ." ಕೆಂಪು ಅಕ್ಷರದ ಕಡೆ ಕೈ ತೋರಿಸಿದರು. "ಈಗ ಬಾಯಿ ಇಲ್ಲಂತ ಇದನ್ನ ಹೊರಸಿ ಕಳಸಬ್ಯಾಡ್ರಿ. ತಗೀರಿ."

ಯಾರೂ ಮುಂದೆ ಬರಲಿಲ್ಲ. ಸಂಬಂಧಿಕರೊಬ್ಬರು, "ಇರಲಿ ಬಿಡವಾ, ಊರಾಗ ನಾಕ ಮಂದಿ ನೋಡತಾರ" ಎಂದರು. ಆಕೆ ಮನೆಯೊಳಗೆ ಹೋದರು. ಕತ್ತರಿ ತಂದರು, ರೆಕ್ಕೆಗೆ ಕೊಡೆಯ ಬಟ್ಟೆ ಕತ್ತರಿಸಲು ಅವರು ಬಳಸುತ್ತಿದ್ದ ಕತ್ತರಿ. ಫ್ಲೆಕ್ಸ್ ದಪ್ಪವಿತ್ತು, ಕೈಗೆ ಬಲವಿರಲಿಲ್ಲ, ಬಹಳ ಹೊತ್ತು ಹಿಡಿಯಿತು. ಅಕ್ಷರವನ್ನು ಮಾತ್ರ ಬಿಡಿಸಿಕೊಂಡರು. ಹೆಸರು ಹಾಗೇ ಉಳಿಯಿತು.

ವ್ಯಾನಿನಲ್ಲಿ ನಾನು ಆಕೆಯ ಪಕ್ಕ ಕುಳಿತೆ. ಕತ್ತರಿಸಿದ ತುಂಡು ಆಕೆಯ ಎಡಗೈಯಲ್ಲೇ ಇತ್ತು. ಎಲ್ಲಾದರೂ ಒಗೆಯುತ್ತಾರೆ ಎಂದುಕೊಂಡೆ. ಶಿಗ್ಗಾಂವ ದಾಟಿತು, ಹಾನಗಲ್ ದಾಟಿತು. ನೀರು ಕುಡಿಯಲು ಬಾಟಲಿ ಕೊಟ್ಟರೆ ಬಲಗೈಯಲ್ಲಿ ಹಿಡಿದರು. ಚಿಕ್ಕೇರೂರಿನ ಓಣಿಯಲ್ಲಿ ಇಳಿಸಿದಾಗಲೂ ಆ ಮುಷ್ಟಿ ಬಿಚ್ಚಿರಲಿಲ್ಲ.